ಅಕ್ಕ ಆರಿಸಿದ ಮನೆ

ದುನಿಯಾದಲ್ಲಿ ಎಲ್ಲಿ ಬೇಕಾದರೂ ಮನೆ ಆರಿಸುವ ಆಟ ಶುರು ಮಾಡಿದವಳು ಅರ್ಶಿಯಾ. ನಿಯಮ ಎರಡೇ ಎರಡು. ಒಂದು, ರೊಕ್ಕದ ಮಾತು ಎತ್ತುವಂತಿಲ್ಲ. ಎಷ್ಟೇ ಆಗಲಿ, ದೇವರ ಖರ್ಚು. ಇನ್ನೊಂದು, ಒಮ್ಮೆ ಆರಿಸಿದ ಮನೆಯಲ್ಲಿ ಒಂದು ವಾರವಾದರೂ ಇರಬೇಕು. ಈ ಎರಡನೆಯದನ್ನು ಮುರಿಯುತ್ತಿದ್ದವಳೂ ಅವಳೇ. ಚಿಂಚಲಿಯಲ್ಲಿ ಮೀರಜದ ಪ್ಯಾಸೆಂಜರ್ ಹತ್ತುವಾಗ ದುಬೈಯ ತೊಂಬತ್ತನೆಯ ಮಾಳಿಗೆಯಲ್ಲಿ ಇದ್ದವಳು, ಕುಡಚಿ ಬರುವಷ್ಟರಲ್ಲಿ ಗಂಟುಮೂಟೆ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿಗೆ ಹೋಗಿರುತ್ತಿದ್ದಳು. ಅಲ್ಲಿ ಥಂಡಿ ಹೆಚ್ಚಾಯಿತೆಂದು ಉಗಾರದ ಹೊತ್ತಿಗೆ ಮತ್ತೆಲ್ಲೋ. ಫೋನಿನಲ್ಲಿ ಬೆರಳು ಆಡಿಸಿದಂತೆ ಮನೆ ಬದಲಾಗುತ್ತಿತ್ತು.

ಅಕ್ಕ ಸಾನಿಯಾ ಮಾತ್ರ ಒಂದೇ ಒಂದು ಮನೆಯನ್ನೂ ಆರಿಸಿರಲಿಲ್ಲ. ಕೇಳಿದಾಗಲೆಲ್ಲ ಕಿಟಕಿಯ ಕಡೆ ಮುಖ ಮಾಡಿ, ವಿಚಾರ ಮಾಡಿ ಹೇಳತೇನಿ ಅನ್ನುತ್ತಿದ್ದಳು.

ಇಬ್ಬರೂ ವಾರಕ್ಕೆ ಮೂರು ಸಲ ಆ ಗಾಡಿ ಹತ್ತುತ್ತಿದ್ದುದು ಮನೆ ಹುಡುಕಲಿಕ್ಕಲ್ಲ. ಇಪ್ಪತ್ತಾರು ವರ್ಷದ ಸಾನಿಯಾಳ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷವಾಗಿತ್ತು. ಮೀರಜದ ಒಂದು ಆಸ್ಪತ್ರೆಯಲ್ಲಿ ನಾಲ್ಕು ತಾಸು ಮಶೀನಿಗೆ ಹಚ್ಚಿ ರಕ್ತ ತೊಳೆಯುತ್ತಿದ್ದರು. ಜೊತೆಗೆ ಹೋಗಲು ಅವ್ವ ಸಕೀನಾಬಿಗೆ ಮೊಣಕಾಲು ನೋವು, ಅಪ್ಪ ಮೀರಾಸಾಬನಿಗೆ ಗಾದಿ ಹೊಲಿಯುವ ಕೆಲಸ. ರಾಯಬಾಗದಲ್ಲಿ ಬಿ.ಎ. ಎರಡನೆಯ ವರ್ಷ ಓದುತ್ತಿದ್ದ ಅರ್ಶಿಯಾ ಮಂಗಳವಾರ, ಗುರುವಾರ, ಶನಿವಾರ ಕಾಲೇಜಿಗೆ ಚಕ್ಕರ್ ಹೊಡೆದು ಅಕ್ಕನ ಚೀಲ ಹಿಡಿಯುತ್ತಿದ್ದಳು. ಅವಳಿಗೇನೂ ಬೇಜಾರಿರಲಿಲ್ಲ. ಗಾಡಿಯಲ್ಲಿ ನೆಟ್‌ವರ್ಕು ಚೆನ್ನಾಗಿ ಸಿಗುತ್ತಿತ್ತು.

ಸಾನಿಯಾಳನ್ನು ನಿಪ್ಪಾಣಿಗೆ ಕೊಟ್ಟಿದ್ದರು. ಬೇನೆ ಬಂದ ಮೇಲೆ ಆರು ತಿಂಗಳು ನೋಡಿಕೊಂಡು, ನಾಲ್ಕು ದಿನ ತವರಿನಲ್ಲಿ ಆರಾಮ ಮಾಡಲಿ ಎಂದು ಗಂಡನ ಮನೆಯವರು ಕಳಿಸಿದರು. ಎಂಟನೆಯ ದಿನ ಹಿಂದಿನಿಂದ ಟೆಂಪೋದಲ್ಲಿ ಅವಳ ಗಾದಿಯೂ ಬಂತು. ಲಗ್ನಕ್ಕೆಂದು ಮೀರಾಸಾಬ ತನ್ನ ಕೈಯಾರೆ ಅರಳೆ ತುಂಬಿ, ನಾಲ್ಕೂ ಅಂಚಿಗೆ ಎರಡೆರಡು ಹೊಲಿಗೆ ಹಾಕಿ ಕೊಟ್ಟಿದ್ದ ಗಾದಿ. ಸುರುಳಿ ಸುತ್ತಿ ಹಗ್ಗ ಬಿಗಿದಿದ್ದರೂ ಹೊಲಿಗೆ ನೋಡಿದ ಕೂಡಲೇ ಅವನಿಗೆ ಗುರುತು ಸಿಕ್ಕಿತು. ಟೆಂಪೋದವನಿಗೆ ಚಹಾ ಕುಡಿಸಿ ಕಳಿಸಿದ. ಗಾದಿಯನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದಿಟ್ಟ. ಆ ವಿಷಯ ಆ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ರಾತ್ರಿ ಮುಂದಿನ ಖೋಲಿಯಲ್ಲಿ ಆ ಗಾದಿ ಹಾಸಿಕೊಂಡು ಸಾನಿಯಾ ಮಲಗುತ್ತಿದ್ದಳು. ಹೊತ್ತು ಹುಟ್ಟುವ ಮೊದಲೇ ಎದ್ದು ಸುತ್ತಿ ಮೂಲೆಗಿಡುತ್ತಿದ್ದಳು. ಅದೇ ಖೋಲಿಯಲ್ಲಿ ಅಪ್ಪನ ಗಿರಾಕಿಗಳು ಬಂದು ಕೂರುತ್ತಿದ್ದರು.

ಅದಕ್ಕೇ ಅರ್ಶಿಯಾಳಿಗೆ ಆ ಆಟ ಬರೀ ಆಟವಾಗಿರಲಿಲ್ಲ. ಅವಳ ತಲೆಯಲ್ಲಿ ಒಂದು ಲೆಕ್ಕ ಕೂತಿತ್ತು. ಇಂಥ ಕಡೆ ಇರಬೇಕು ಅಂತ ಒಮ್ಮೆ ಬಾಯಿಬಿಟ್ಟು ಹೇಳಿದ ಮನುಷ್ಯ ಅದನ್ನು ನೋಡುವ ತನಕವಾದರೂ ಉಳಿಯುತ್ತಾನೆ. ಅಕ್ಕ ಏನನ್ನೂ ಕೇಳುತ್ತಿರಲಿಲ್ಲ. ಹಬ್ಬಕ್ಕೆ ಬಟ್ಟೆ ಕೇಳುತ್ತಿರಲಿಲ್ಲ, ತಲೆಗೆ ಹೂ ಕೇಳುತ್ತಿರಲಿಲ್ಲ. ಏನಾದರೂ ಒಂದು ಬೇಕು ಅನ್ನಲಿ, ಯಾವುದೋ ಒಂದು ಮನೆಯನ್ನಾದರೂ ಆರಿಸಲಿ ಎಂದು ಅರ್ಶಿಯಾ ಬೆನ್ನು ಹತ್ತಿದ್ದಳು.

ಅಕ್ಕ ಕೇಳಲಾರದ್ದು ಒಂದಿತ್ತು. ಅದು ನೀರು.

ಕಿಡ್ನಿ ಕೆಲಸ ಮಾಡದವರ ಮೈಯಲ್ಲಿ ಕುಡಿದ ನೀರು ಕುಡಿದಲ್ಲೇ ಉಳಿಯುತ್ತದೆ. ಕಾಲು ಬಾಯುತ್ತದೆ, ಎದೆಯಲ್ಲಿ ತುಂಬಿ ಉಸಿರು ಕಟ್ಟುತ್ತದೆ. ದಿನಕ್ಕೆ ಅರ್ಧ ಲೀಟರ್ ಎಂದು ಡಾಕ್ಟರು ಹೇಳಿದ್ದರು. ಸಕೀನಾಬಿ ದಿನಾ ಬೆಳಿಗ್ಗೆ ಒಂದು ಬಾಟಲಿ ತುಂಬಿ, ಬೇರೆ ಯಾರೂ ಮುಟ್ಟಬಾರದೆಂದು ಅದರ ಕೊರಳಿಗೆ ಕೆಂಪು ದಾರ ಕಟ್ಟಿ ಇಡುತ್ತಿದ್ದಳು. ಗುಳಿಗೆ ನುಂಗುವುದೂ ಅದರಲ್ಲೇ, ಚಹಾದ ಆಸೆಯೂ ಅದರಲ್ಲೇ, ಉರಿಬಿಸಿಲೂ ಅದರಲ್ಲೇ ಕಳೆಯಬೇಕು.

ಮನೆಯಲ್ಲಾದರೆ ಸರಿ. ಹೊರಗೆ ಹೋದರೆ ತೊಂದರೆ. ಈ ಸೀಮೆಯಲ್ಲಿ ಯಾರ ಮನೆಯ ಹೊಸ್ತಿಲು ತುಳಿದರೂ ಮೊದಲು ಒಂದು ಉಂಡಿ ಬೆಲ್ಲ, ಒಂದು ತಂಬಿಗೆ ನೀರು ಬರುತ್ತದೆ. ಬೇಡ ಅಂದರೆ ಆ ಮನೆಯವರ ಮುಖ ಸಣ್ಣದಾಗುತ್ತದೆ. ಬೇನೆಯ ಪುರಾಣವನ್ನು ಕಂಡಕಂಡವರಿಗೆಲ್ಲ ಹೇಳುವುದು ಸಾನಿಯಾಳಿಗೆ ಸೇರುತ್ತಿರಲಿಲ್ಲ. ಅದಕ್ಕೆ ಅಕ್ಕತಂಗಿ ಒಂದು ಯುಕ್ತಿ ಮಾಡಿಕೊಂಡಿದ್ದರು. ಸಾನಿಯಾ ತಂಬಿಗೆ ಎತ್ತಿ ತುಟಿಗೆ ಮುಟ್ಟಿಸುವಳು. ಮನೆಯವರು ಆಕಡೆ ತಿರುಗಿದ ಕೂಡಲೇ ಅರ್ಶಿಯಾ ಕೈ ಚಾಚುವಳು. ತನ್ನದು ಮುಗಿಸಿ ಅಕ್ಕನ ಪಾಲನ್ನೂ ಗಟಗಟ ಕುಡಿದು ಬರಿದು ತಂಬಿಗೆಯನ್ನು ಅಕ್ಕನ ಮುಂದೆ ಇಡುವಳು. ಒಂದು ಲಗ್ನದ ಸೀಸನ್ನಿನಲ್ಲಿ ಒಂದೇ ದಿನ ಐದು ಮನೆ ತಿರುಗಿ, ಹತ್ತು ತಂಬಿಗೆ ಕುಡಿದು, ಬಸ್ಸು ನಿಲ್ಲಿಸಿ ಇಳಿದು ಓಡಿದ್ದಳು. ನಿನ್ನ ಹೊಟ್ಟೆ ಹೊಟ್ಟೆಯಲ್ಲ, ಕಾಲುವೆ ಎಂದು ಸಾನಿಯಾ ನಗುತ್ತಿದ್ದಳು. ಆಕೆ ಹಾಗೆ ನಕ್ಕರೆ ಅರ್ಶಿಯಾ ಇನ್ನೂ ಹತ್ತು ತಂಬಿಗೆ ಕುಡಿಯಲು ತಯಾರಿದ್ದಳು.

ಒಂದು ಶನಿವಾರ ಅರ್ಶಿಯಾ ಫೋನಿನಲ್ಲಿ ಹೊಸ ಮನೆ ತೋರಿಸಿದಳು. ನಡುಸಮುದ್ರದಲ್ಲಿ ಕಂಬದ ಮೇಲೆ ನಿಂತ ಕಟ್ಟಿಗೆಯ ಮನೆ, ಸುತ್ತ ಎತ್ತ ನೋಡಿದರೂ ನೀಲಿ ನೀರು, ಮಂಚದಿಂದ ಕಾಲು ಇಳಿಬಿಟ್ಟರೆ ಮೀನು. ಬೇರೆ ಮನೆಗಳನ್ನು ಅರೆಗಣ್ಣಿನಲ್ಲಿ ನೋಡಿ ಹೂಂ ಅನ್ನುತ್ತಿದ್ದ ಸಾನಿಯಾ ಈ ಸಲ ಫೋನನ್ನು ಕೈಗೆ ಇಸಿದುಕೊಂಡಳು. ಬಹಳ ಹೊತ್ತು ನೋಡಿದಳು. ಅಂತೂ ಒಪ್ಪಿದಳು ಎಂದು ಅರ್ಶಿಯಾ ಉಸಿರು ಬಿಗಿಹಿಡಿದಳು.

"ಇದು ಉಪ್ಪ ನೀರಲ್ಲೇನು?" ಎಂದು ಸಾನಿಯಾ ಕೇಳಿದಳು.

ಸಮುದ್ರ ಅಂದ ಮೇಲೆ ಉಪ್ಪೇ ಇರುತ್ತದೆ ಎಂದು ಅರ್ಶಿಯಾ ಹೇಳಿದಳು. ಸಾನಿಯಾ ಫೋನು ಹಿಂದೆ ಕೊಟ್ಟಳು.

ಎಪ್ರಿಲ್ ಕೊನೆಯ ಒಂದು ಮಂಗಳವಾರ ಶೇಡಬಾಳ ದಾಟಿದ ಮೇಲೆ ಸಿಗ್ನಲ್ ಸಿಗದೆ ಗಾಡಿ ನಿಂತಿತು. ಎರಡೂ ಕಡೆ ಕಬ್ಬು, ನಡುನಡುವೆ ಸವಳು ಹಿಡಿದು ಬೆಳ್ಳಗಾದ ಹೊಲ. ಹಳಿಯಿಂದ ಸ್ವಲ್ಪ ದೂರದಲ್ಲಿ ನೀಲಿ ಸುಣ್ಣ ಬಳಿದ ಒಂದು ಮನೆ ಇತ್ತು. ಅಂಗಳದಲ್ಲಿ ಒಂದು ಬೇವಿನ ಗಿಡ, ಅದರ ಪಕ್ಕ ಕಲ್ಲು ಕಟ್ಟಿದ ಬಾವಿ. ಬಾವಿಯ ಸುತ್ತ ಏಳೆಂಟು ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು. ಅರ್ಶಿಯಾ ಆಗ ಪ್ಯಾರಿಸ್ಸಿನಲ್ಲಿದ್ದಳು.

"ಅದು," ಎಂದಳು ಸಾನಿಯಾ.

"ಯಾವ್ದು?"

"ಆ ನೀಲಿ ಮನಿ. ನನಗ ಅದ ಬೇಕು."

ಅರ್ಶಿಯಾ ಕಿಟಕಿಯ ಸರಳಿಗೆ ಹಣೆ ಒತ್ತಿ ನೋಡಿದಳು. ನೋಡಿ ಹಣೆ ಚಚ್ಚಿಕೊಂಡಳು.

"ಎಲ್ಲಾ ಖರ್ಚ ದೇವ್ರದು ಅಂದ್ರೂ ಶೇಡಬಾಳ ಸೀಮಿ ದಾಟಿ ಮುಂದ ಹೋಗಲಿಲ್ಲಲ್ಲ ಬೇ ನೀ," ಎಂದಳು. ಆದರೆ ಒಳಗೆ ಅವಳ ಎದೆ ಕುಣಿಯುತ್ತಿತ್ತು. ತವರಿಗೆ ಬಂದ ಮೇಲೆ ಅಕ್ಕನ ಬಾಯಿಂದ ಬೇಕು ಅನ್ನುವ ಮಾತು ಬಂದದ್ದು ಇದೇ ಮೊದಲು. ನೀಲಿ ಬಣ್ಣ ಹಿಡಿಸಿತೋ, ಬೇವಿನ ನೆರಳು ಹಿಡಿಸಿತೋ ಎಂದು ಕೇಳಿದಳು. ಸಾನಿಯಾ ಗಾಡಿ ಬಿಟ್ಟ ಮೇಲೂ ಕುತ್ತಿಗೆ ತಿರುಗಿಸಿ ನೋಡುತ್ತಲೇ ಇದ್ದಳು.

ಅಲ್ಲಿಂದ ಮುಂದೆ ಹೋಗುವಾಗ, ಬರುವಾಗ ಶೇಡಬಾಳ ಬಂದರೆ ಸಾನಿಯಾ ಓಢಣಿ ಸರಿಮಾಡಿಕೊಂಡು ಎದ್ದು ಕೂರತೊಡಗಿದಳು. ಇಂದು ಬಾವಿಗೆ ಯಾರು ಬಂದಿದ್ದಾರೆ, ಅಂಗಳ ಸಾರಿಸಿದ್ದಾರೋ ಇಲ್ಲವೋ ಎಂದು ತನ್ನ ಸ್ವಂತ ಮನೆಯ ಹಾಗೆ ವಿಚಾರಿಸುವಳು. ಒಮ್ಮೆ ಹಿತ್ತಲಲ್ಲಿ ಹೊಸ ತಗಡು ಕಂಡಾಗ, ನನ್ನನ್ನು ಕೇಳದೆ ಯಾರು ಹಾಕಿಸಿದರು ಎಂದು ಸಿಟ್ಟು ಮಾಡಿದಳು. ಅರ್ಶಿಯಾ ನಕ್ಕು ನಕ್ಕು ಎದುರಿನ ಸೀಟಿನ ಅಜ್ಜನ ಮೇಲೆ ಬೀಳುವುದೊಂದು ಬಾಕಿ. ತನ್ನ ಲೆಕ್ಕ ಸುಳ್ಳಾಗಲಿಲ್ಲ ಅನ್ನಿಸಿತು. ಹಾಗಾದರೆ ಮನೆಯೊಳಗೆ ಕಾಲಿಟ್ಟರೆ ಇನ್ನೆಷ್ಟು ಚಿಗುರಿಯಾಳು ಎಂದು ವಿಚಾರ ಬಂತು. ವಿಚಾರ ಬಂದ ಮೇಲೆ ಅವಳು ಕಾಯುವವಳಲ್ಲ. ಮೇ ತಿಂಗಳ ಒಂದು ಮಂಗಳವಾರ ಮೀರಜದಿಂದ ಹಿಂದೆ ಬರುವಾಗ, ಶೇಡಬಾಳದಲ್ಲಿ ಗಾಡಿ ನಿಂತ ಕೂಡಲೇ ಅಕ್ಕನ ಕೈ ಹಿಡಿದು ಇಳಿಸಿಬಿಟ್ಟಳು. ಮುಂದಿನ ಗಾಡಿಗೆ ಇನ್ನೂ ಎರಡು ತಾಸು ಇತ್ತು.

ಡಯಾಲಿಸಿಸ್ ಆದ ದಿನ ಸಾನಿಯಾಳ ಬಾಯಿ ಕಟ್ಟಿಗೆಯಂತೆ ಒಣಗುತ್ತಿತ್ತು. ಕೆಂಪು ದಾರದ ಬಾಟಲಿ ಆಸ್ಪತ್ರೆಯಲ್ಲೇ ಖಾಲಿಯಾಗಿತ್ತು. ಆದರೂ ಅವಳು ಬೇಡ ಅನ್ನಲಿಲ್ಲ. ಹೊಲದ ದಾರಿಯಲ್ಲಿ ಅಲ್ಲಲ್ಲಿ ನಿಂತು, ಕೂತು, ಸಾವಕಾಶ ನಡೆದಳು.

ಮನೆಯ ಯಜಮಾನತಿ ಸೋನಾಬಾಯಿಗೆ ಐವತ್ತೈದರ ಮೇಲೆ ವಯಸ್ಸು. ಇಳಕಲ್ಲ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಗುರುತಿಲ್ಲದ ಇಬ್ಬರು ಹುಡುಗಿಯರು ಬಿಸಿಲಲ್ಲಿ ಬಂದು ನಿಂತದ್ದು ನೋಡಿ ಮೊರ ಪಕ್ಕಕ್ಕಿಟ್ಟು ಎದ್ದಳು. ಅರ್ಶಿಯಾ ಗಾಡಿ, ಕಿಟಕಿ, ನೀಲಿ ಬಣ್ಣ ಎಂದು ಏನೇನೋ ಹೇಳಹೊರಟಳು. ಅದಕ್ಕೆ ಸೋನಾಬಾಯಿ ಕೈ ಅಡ್ಡ ಮಾಡಿದಳು.

"ಮೊದ್ಲ ನೆರಳಿಗೆ ಕುಂದರ್ರಿ. ಬೆಲ್ಲಾ ತಿಂದ ನೀರ ಕುಡೀರಿ. ಹೆಸರ, ಊರ ಎಲ್ಲಾ ಆಮ್ಯಾಲ."

ಎರಡು ಹಿತ್ತಾಳೆ ತಂಬಿಗೆ ಬಂದವು, ಎರಡು ಉಂಡಿ ಬೆಲ್ಲ. ಬಾವಿಯಿಂದ ಆಗಷ್ಟೇ ಸೇದಿದ ನೀರು. ತಂಬಿಗೆಯ ಹೊರಮೈ ಬೆವತಿತ್ತು. ಸುತ್ತಲಿನ ನೆಲವೆಲ್ಲ ಸವಳಾಗಿದೆ, ಅರ್ಧ ಮೈಲಿನೊಳಗೆ ಎಲ್ಲಿ ತೋಡಿದರೂ ಉಪ್ಪುನೀರು, ತನ್ನ ಮಾವ ತೋಡಿಸಿದ ಈ ಬಾವಿಯೊಂದೇ ಸಿಹಿ ಎಂದು ಸೋನಾಬಾಯಿ ಹೇಳಿದಳು. ಬಂದವರು ಒಯ್ಯಲಿ ಎಂದು ಗೇಟಿಗೆ ಕೀಲಿಯನ್ನೇ ಹಾಕುವುದಿಲ್ಲವಂತೆ. ಹೇಳುತ್ತ ಹೇಳುತ್ತ ಶೇಂಗಾದ ಮೊರ ಎತ್ತಿಡಲು ಆಕಡೆ ತಿರುಗಿದಳು.

ಅರ್ಶಿಯಾ ರೂಢಿಯಂತೆ ಕೈ ಚಾಚಿದಳು.

ಸಾನಿಯಾ ಬೆಲ್ಲ ಬಾಯಿಗೆ ಹಾಕಿಕೊಂಡಿದ್ದಳು. ತಂಬಿಗೆ ತುಟಿಯ ಹತ್ತಿರ ಇತ್ತು. ಅದರ ಅಂಚಿನ ಮೇಲಿಂದ ತಂಗಿಯನ್ನು ನೋಡಿದಳು. ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಅರ್ಶಿಯಾ ಇಲ್ಲ ಅನ್ನುತ್ತಿದ್ದಳೇನೋ. ಅಕ್ಕ ಆ ದಿನ ಗಾಡಿಯಿಂದ ನೋಡಿದ್ದು ನೀಲಿ ಬಣ್ಣವನ್ನಲ್ಲ, ಬೇವಿನ ಗಿಡವನ್ನಲ್ಲ ಎಂದು ಅವಳಿಗೆ ಆಗ ತಿಳಿಯಿತು. ತಾನು ಚಾಚಿದ ಕೈ ಹಾಗೇ ಇಟ್ಟರೆ ಸಾಕು, ಇಷ್ಟು ದಿನ ಕೊಟ್ಟ ಹಾಗೆ ಇವತ್ತೂ ಕೊಟ್ಟುಬಿಡುತ್ತಾಳೆ ಎಂದೂ ಗೊತ್ತಿತ್ತು.

ಅರ್ಶಿಯಾ ಕೈ ಹಿಂದೆ ತಗೊಂಡು ತೊಡೆಯ ಮೇಲೆ ಇಟ್ಟುಕೊಂಡಳು.

ಸಾನಿಯಾ ಕುಡಿದಳು. ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಒಮ್ಮೆಯೂ ಉಸಿರು ತಗೊಳ್ಳದೆ, ಕಣ್ಣು ಮುಚ್ಚಿ, ತಂಬಿಗೆ ಮೇಲೆ ಎತ್ತಿ ಕಡೆಯ ಹನಿ ಬೀಳುವ ತನಕ ಕುಡಿದಳು. ಸೋನಾಬಾಯಿ ನೋಡಿ ಸಂತೋಷಪಟ್ಟು ಕೊಡದಿಂದ ಮತ್ತೆ ತುಂಬಿದಳು. ಕುಡಿ ಮಗಳ, ಬಾವಿ ಬತ್ತೋದಿಲ್ಲ ಎಂದಳು. ಎರಡನೆಯದನ್ನೂ ಸಾನಿಯಾ ಕುಡಿದಳು. ಮೂರನೆಯದನ್ನು ಅರ್ಧ ಕುಡಿದು, ಉಳಿದ ನೀರಿನಲ್ಲಿ ಮುಖ ತೊಳೆದುಕೊಂಡಳು. ಒದ್ದೆ ಮುಖದಲ್ಲಿ ಅವಳು ಲಗ್ನಕ್ಕೆ ಮುಂಚಿನ ಸಾನಿಯಾಳ ಹಾಗೆ ಕಂಡಳು.

ಆಮೇಲೆ ಇಬ್ಬರೂ ಆಟದ ಸುದ್ದಿ ಹೇಳಿದರು. ಸೋನಾಬಾಯಿ ಹೊಟ್ಟೆ ಹಿಡಿದು ನಕ್ಕಳು. ಇಷ್ಟು ದೊಡ್ಡ ದುನಿಯಾದಲ್ಲಿ ನನ್ನ ಮನೆಯೇ ಸಿಕ್ಕಿತೇನು, ಮಳೆ ಬಂದರೆ ಅಡಿಗೆ ಮನೆ ಸೋರುತ್ತದೆ ಎಂದಳು. ಬೇಕಾದರೆ ನೋಡಿಕೋ ಎಂದು ಸಾನಿಯಾಳನ್ನು ಒಳಗೆ ಕರೆದೊಯ್ದಳು. ಪಡಸಾಲೆಯಲ್ಲಿ ಕಿಟಕಿಯ ಕೆಳಗೆ ಒಂದು ಮೂಲೆ ಖಾಲಿ ಇತ್ತು. ಸಾನಿಯಾ ಅಲ್ಲಿ ನಿಂತು ತಂಗಿಯ ಕಡೆ ತಿರುಗಿದಳು.

"ಇಲ್ಲಿ ನನ್ನ ಗಾದಿ ಹಾಸೂದು. ಮುಂಜಾನೆದ್ದ ಸುತ್ತೂದಿಲ್ಲ."

ತಿರುಗಿ ಬರುವ ಗಾಡಿಯಲ್ಲಿ ಸಾನಿಯಾ ಅವ್ವನಿಗೆ ಹೇಳಬಾರದೆಂದು ತಂಗಿಯಿಂದ ಆಣೆ ಹಾಕಿಸಿಕೊಂಡಳು. ಮರುದಿನ ಕಾಲು ಬಾತಿದ್ದವು. ಮಲಗಿದರೆ ಉಸಿರಾಡಲು ಆಗದೆ ಗೋಡೆಗೆ ಆತುಕೊಂಡು ಕೂತಿದ್ದಳು. ಬಿಸಿಲಿಗೆ ಹೀಗಾಗಿದೆ ಎಂದು ಅವ್ವ ಗಾಳಿ ಹಾಕುತ್ತಿದ್ದಳು. ಅರ್ಶಿಯಾ ಆ ಕಡೆ ನೋಡದೆ ಫೋನು ಹಿಡಿದಿದ್ದಳು, ಆದರೆ ಪರದೆಯ ಮೇಲೆ ಏನಿದೆಯೆಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ. ಗುರುವಾರ ಮಶೀನು ನೋಡಿಕೊಳ್ಳುವ ಅಮೋಲ ಸಾನಿಯಾಳನ್ನು ತೂಕಕ್ಕೆ ನಿಲ್ಲಿಸಿ ಹುಬ್ಬೇರಿಸಿದ. ಇಷ್ಟು ನೀರು ಹೆಂಗ ಏರಿತು, ಯಾರ ಮನೆಯಲ್ಲಿ ಲಗ್ನ ಇತ್ತು ಎಂದು ಗದರಿಸಿದ.

"ಲಗ್ನಾ ಅಲ್ರಿ, ನಮ್ಮನಿದ ವಾಸ್ತುಶಾಂತಿ ಇತ್ತು," ಎಂದಳು ಸಾನಿಯಾ. ಅವತ್ತು ಅಷ್ಟೂ ನೀರು ತೆಗೆಯುವಾಗ ಕಾಲಿನ ನರ ಹಿಡಿದು ಅವಳು ಹಲ್ಲು ಕಚ್ಚಿ ಅತ್ತಳು. ಆದರೆ ಹಿಂದೆ ಬರುವಾಗ ಶೇಡಬಾಳದಲ್ಲಿ ಮತ್ತೆ ಓಢಣಿ ಸರಿಮಾಡಿಕೊಂಡು ಎದ್ದು ಕೂತಳು.

ನೀಲಿ ಮನೆಗೆ ಹೋಗಿ ಬಂದ ಹನ್ನೆರಡನೆಯ ದಿನಕ್ಕೆ, ಒಂದು ರವಿವಾರ ಮಧ್ಯಾಹ್ನ, ಮೀರಾಸಾಬ ಯಾರದೋ ಗಾದಿಗೆ ಅರಳೆ ತುಂಬುತ್ತಿದ್ದ. ಸಾನಿಯಾ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ದಾರಕ್ಕೆಂದು ಅವನು ಕೈ ಚಾಚಿದ. ದಾರ ಬರಲಿಲ್ಲ. ತಿರುಗಿ ನೋಡಿದಾಗ ಅವಳು ಗೋಡೆಗೆ ಒರಗಿದ್ದಳು, ಸೂಜಿ ಬೆರಳ ನಡುವೆ ಹಾಗೇ ಇತ್ತು.

ಹೃದಯ ಎರಡು ವರ್ಷದಿಂದ ದಣಿದಿತ್ತು, ಯಾವತ್ತಾದರೂ ಆಗುವುದಿತ್ತು ಎಂದು ಡಾಕ್ಟರು ಹೇಳಿದರು. ಮೀರಾಸಾಬ ಅದನ್ನೇ ಬಂದವರಿಗೆಲ್ಲ ಹೇಳಿದ. ಅರ್ಶಿಯಾಳಿಗೆ ಆ ಮಾತು ಸಾಲಲಿಲ್ಲ. ಆಸ್ಪತ್ರೆಯ ಕಾಗದ ತರಲು ಮೀರಜಕ್ಕೆ ಹೋದಾಗ ಅಮೋಲನನ್ನು ಕಂಡಳು. ಯಾರದೋ ಸುದ್ದಿ ಕೇಳುವಂತೆ, ಒಂದು ದಿನ ನೀರು ಹೆಚ್ಚು ಕುಡಿದರೆ ಏನಾಗುತ್ತದೆ ಎಂದು ಕೇಳಿದಳು.

"ಒಂದ ದಿನದ ನೀರಿಂದ ಯಾರೂ ಹೋಗೂದಿಲ್ಲ ತಂಗಿ," ಎಂದ ಅಮೋಲ. ಹೇಳುವ ಮೊದಲು ಒಂದು ಗಳಿಗೆ ಸುಮ್ಮನಿದ್ದ. ಅರ್ಶಿಯಾ ಆ ಮಾತನ್ನೂ ಕೇಳಿಸಿಕೊಂಡಳು, ಅವನು ಸುಮ್ಮನಿದ್ದುದನ್ನೂ ಕೇಳಿಸಿಕೊಂಡಳು.

ನಲವತ್ತನೆಯ ದಿನ ಸಕೀನಾಬಿ ಮಲೀದಾ ಮಾಡಿ ಫಾತಿಹಾ ಓದಿಸಿದಳು. ಚಪಾತಿ ಪುಡಿ ಮಾಡಿ ಬೆಲ್ಲ, ತುಪ್ಪ ಕಲಸಿದ ಆ ಮಲೀದಾವನ್ನು ಒಂದು ಡಬ್ಬಿಯಲ್ಲಿ ತುಂಬಿಕೊಂಡು, ಗೆಳತಿಯ ಮನೆಗೆ ಕೊಟ್ಟು ಬರುತ್ತೇನೆಂದು ಅರ್ಶಿಯಾ ಗಾಡಿ ಹತ್ತಿದಳು. ಸೋನಾಬಾಯಿಗೆ ಎಲ್ಲ ಹೇಳಿಬಿಡುವುದು ಎಂದು ನಿಶ್ಚಯ ಮಾಡಿದ್ದಳು. ಅಕ್ಕ ನೀರು ಕುಡಿಯಬಾರದಿತ್ತು, ನನಗೆ ಗೊತ್ತಿತ್ತು, ಆದರೂ ಕೈ ಹಿಂದೆ ತಗೊಂಡೆ. ಇಷ್ಟನ್ನು ಯಾರ ಮುಂದಾದರೂ ಇಳಿಸದೆ ಇನ್ನು ಆಗುವುದಿಲ್ಲ. ಹೇಗೆ ಹೇಳಬೇಕೆಂದು ಫೋನಿನಲ್ಲಿ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಎದುರಿನ ಸೀಟು ಖಾಲಿ ಇತ್ತು. ಕುಡಚಿಯ ಹೊಳೆಯ ಮೇಲೆ ಗಾಡಿ ಸದ್ದು ಮಾಡುತ್ತ ದಾಟಿತು.

ಮೃಗಶಿರಾ ಮಳೆ ಒಂದೆರಡು ಬಾರಿ ಬಿದ್ದು ಹೊಲದ ದಾರಿ ಕೆಸರಾಗಿತ್ತು. ಅರ್ಶಿಯಾ ಕಾಲು ಎತ್ತೆತ್ತಿ ಇಡುತ್ತ ಬರುವುದನ್ನು ಸೋನಾಬಾಯಿ ದೂರದಿಂದಲೇ ನೋಡಿ ಒಳಗೆ ಹೋದಳು. ಇವಳು ಅಂಗಳಕ್ಕೆ ಬರುವಷ್ಟರಲ್ಲಿ ಕಟ್ಟೆಯ ಮೇಲೆ ತಟ್ಟೆ ತಯಾರಿತ್ತು. ಎರಡು ಉಂಡಿ ಬೆಲ್ಲ, ಎರಡು ತಂಬಿಗೆ ನೀರು.

"ಅಕ್ಕ ಹಿಂದ ಸಾವಕಾಶ ಬರಾಕತ್ಯಾಳೇನು?" ಎಂದು ಸೋನಾಬಾಯಿ ದಾರಿಯ ಕಡೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಅಕ್ಕ ಬರಂಗಿಲ್ಲರಿ ಮಾವಶಿ," ಎಂದಳು ಅರ್ಶಿಯಾ. ಡಬ್ಬಿ ಮುಂದಿಟ್ಟು, ಇವತ್ತಿಗೆ ನಲವತ್ತು ದಿನ ಎಂದಳು.

ಸೋನಾಬಾಯಿ ಕಟ್ಟೆಯ ಮೇಲೆ ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾವಿಯ ಹತ್ತಿರ ಇಬ್ಬರು ಹೆಣ್ಣುಮಕ್ಕಳು ಹಗ್ಗ ಎಳೆಯುತ್ತಿದ್ದರು, ಗಾಲಿ ಕಿರುಗುಟ್ಟುತ್ತಿತ್ತು. ಏನು ಬೇನೆ ಎಂದು ಸೋನಾಬಾಯಿ ಕೇಳಿದಳು. ಕಿಡ್ನಿ ಎಂದು ಅರ್ಶಿಯಾ ಹೇಳಿದಳು. ಸೋನಾಬಾಯಿ ಸೆರಗು ಕೆಳಗಿಳಿಸಿದಳು. ಅವಳ ಕಣ್ಣು ತಟ್ಟೆಯ ಮೇಲಿನ ತಂಬಿಗೆಗೆ ಹೋಗಿ ಅಲ್ಲೇ ನಿಂತಿತು.

"ನಮ್ಮ ಭಾವಗೂ ಅದ ಆಗಿತ್ತು," ಎಂದಳು ಮೆಲ್ಲಗೆ. "ಅಂವಗ ನೀರ ಬ್ಯಾಡ ಅಂದಿದ್ರು. ಆವತ್ತ ನಾ... ಆಕಿ ಕುಡೀಬಾರದಿತ್ತೇನ ಮಗಳ?"

ಅರ್ಶಿಯಾ ಗಾಡಿಯಲ್ಲಿ ಬರೆದಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಹೌದು ಅನ್ನುವುದೊಂದೇ ಬಾಕಿ. ಕೀಲಿಯಿಲ್ಲದ ಗೇಟಿನಿಂದ ಇನ್ನೊಬ್ಬಳು ಕೊಡ ಹಿಡಿದು ಒಳಗೆ ಬರುತ್ತಿದ್ದಳು.

"ಕುಡೀಬಹುದಿತ್ರಿ," ಎಂದಳು ಅರ್ಶಿಯಾ. "ಆಕಿದು ಬ್ಯಾರೆ ನಮೂನಿದು. ನೀರಿಗೇನೂ ಬ್ಯಾಡ ಅಂದಿರಲಿಲ್ಲ."

"ಖರೇನ?"

"ಖರೇ ಮಾವಶಿ."

ಸೋನಾಬಾಯಿ ದೊಡ್ಡ ಉಸಿರು ಬಿಟ್ಟಳು. ಆಮೇಲೆ ಜೋರಾಗಿ ಅತ್ತಳು. ಆ ಹುಡುಗಿ ಕುಡಿದ ಹಾಗೆ ಈ ಬಾವಿಯ ನೀರನ್ನು ಯಾರೂ ಕುಡಿದಿಲ್ಲ, ನೋಡಿ ನನ್ನ ಹೊಟ್ಟೆಯೇ ತಣ್ಣಗಾಗಿತ್ತು ಎಂದು ಅಳುತ್ತಲೇ ಹೇಳಿದಳು. ಡಬ್ಬಿ ತೆಗೆದು ಒಂದು ಚಿಟಿಕೆ ಮಲೀದಾ ಬಾಯಿಗೆ ಹಾಕಿಕೊಂಡಳು. ಡಬ್ಬಿ ಬರಿದು ಕೊಡಬಾರದೆಂದು ಶೇಂಗಾ ತುಂಬಿಕೊಡಲು ಒಳಗೆ ಎದ್ದು ಹೋದಳು.

ಪಡಸಾಲೆಯ ಬಾಗಿಲು ತೆರೆದೇ ಇತ್ತು. ಕಿಟಕಿಯ ಕೆಳಗಿನ ಮೂಲೆ ಇನ್ನೂ ಖಾಲಿ ಇತ್ತು.

ಅರ್ಶಿಯಾ ಬೆಲ್ಲ ಬಾಯಿಗೆ ಹಾಕಿಕೊಂಡು ತನ್ನ ತಂಬಿಗೆ ಎತ್ತಿ ಕುಡಿದಳು. ಕೆಳಗಿಟ್ಟಳು. ಬಾಯಾರಿಕೆ ಆಗಲೇ ತೀರಿತ್ತು. ಅಕ್ಕನ ತಂಬಿಗೆ ತುಂಬಿಕೊಂಡು ಕೂತಿತ್ತು, ಹೊರಮೈ ಬೆವತು ತಟ್ಟೆಯ ಮೇಲೆ ನೀರಿನ ಬಳೆ ಮೂಡಿತ್ತು. ಸೋನಾಬಾಯಿ ಹೊರಗೆ ಬಂದು ಅದನ್ನು ಮತ್ತೆ ನೋಡುವ ಮೊದಲೇ ಮುಗಿಸಬೇಕಿತ್ತು. ಅವಳು ಕೈ ಚಾಚಿದಳು. ಎರಡೂ ಕೈಯಿಂದ ಎತ್ತಿ, ಗಂಟಲಲ್ಲಿ ಇಳಿಯದಿದ್ದರೂ ನಿಲ್ಲಿಸದೆ, ಕಡೆಯ ಹನಿ ಬೀಳುವ ತನಕ ಕುಡಿದಳು.